ಕಾಗುಣಿತದ ಕಣದಲ್ಲಿ ರಂಗಣ್ಣನ ಹಿಂಡು

ಬಿಳಿಚೋಡಿನ ದುರ್ಗಾಂಬಿಕಾಗೆ ತನ್ನ ಕೈಮೇಲೆ ಇದ್ದಷ್ಟು ನಂಬಿಕೆ ಇಡೀ ಜಗಳೂರು ತಾಲೂಕಿನಲ್ಲಿ ಯಾರಿಗೂ ಯಾವುದರ ಮೇಲೂ ಇರಲಿಲ್ಲ. ಹನ್ನೊಂದು ವರ್ಷದಿಂದ ಅವಳು ಸರ್ಕಾರಿ ಶಾಲೆಗಳ ಗೋಡೆಗೆ ಚಿತ್ರ ಬರೆಯುತ್ತ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯ ಊರೂರು ತಿರುಗಿದ್ದಳು. ಅ ಅಂದರೆ ಅಳಿಲು, ಆ ಅಂದರೆ ಆನೆ. ಅವಳು ಬರೆದ ಆನೆಯನ್ನು ನೋಡಿ ಯಾವ ಮಗುವೂ ಹಂದಿ ಎಂದಿರಲಿಲ್ಲ. ಇದು ಸಣ್ಣ ಮಾತಲ್ಲ. ಉಳಿದವರು ಶಾಲೆಯ ಗೋಡೆಗಳಿಗೆ ಬರೆದಿರುವ ಆನೆಗಳನ್ನು ಒಮ್ಮೆ ನೋಡಿಕೊಂಡು ಬಂದರೆ ನಿಮಗೂ ಗೊತ್ತಾಗುತ್ತದೆ.

ಅಂಥವಳು ಮೂವತ್ತೆರಡನೇ ವಯಸ್ಸಿಗೆ ಒಂದು ಪುಸ್ತಕ ಮಾಡಿದಳು. ಪುಟಪುಟಕ್ಕೂ ಚಿತ್ರ, ಚಿತ್ರದೊಳಗೇ ಮಾತು, ಆ ಮಾತಿನಲ್ಲೇ ಕತೆ. ಪೇಟೆಯವರು ಅದನ್ನು ಗ್ರಾಫಿಕ್ ಕಾದಂಬರಿ ಎನ್ನುತ್ತಾರೆ. ಅವಳ ತಾಯಿ ಅಜ್ಜಮ್ಮ ಮಾತ್ರ ‘ದುರ್ಗಿಯ ಗೊಂಬೆ ಬುಕ್ಕು’ ಎನ್ನುತ್ತಿದ್ದಳು. ಪುಸ್ತಕದ ಹೆಸರು ‘ಕಾಗುಣಿತದ ಕಣ’.

ಕತೆ ಇಷ್ಟು. ನಾಲ್ಕು ಊರಿನವರು ಸೇರಿ ವರ್ಷಕ್ಕೊಮ್ಮೆ ಕಾಗುಣಿತದ ಪಂದ್ಯ ನಡೆಸುತ್ತಾರೆ. ಕೊಟ್ಟ ಪದವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ, ಒತ್ತು ದೀರ್ಘ ತಪ್ಪದಂತೆ ಗಟ್ಟಿಯಾಗಿ ಹೇಳಬೇಕು. ಅದರಲ್ಲೇನು ಮಹಾ ಎನ್ನಬೇಡಿ. ಹೊನ್ನಾಳಿಯಲ್ಲಿ ತುಂಗಭದ್ರೆಯೊಳಗೆ ಕುತ್ತಿಗೆಮಟ ನಿಂತು, ಒಂದೊಂದು ಅಕ್ಷರಕ್ಕೂ ಒಂದೊಂದು ಮುಳುಗು ಹಾಕಿ ಎದ್ದು ಹೇಳಬೇಕು. ನ್ಯಾಮತಿಯಲ್ಲಿ ಬಾಯಿ ಬಿಚ್ಚಿದ ಎರಡು ಒಣಮೆಣಸಿನಕಾಯಿ ಚೀಲಗಳ ನಡುವೆ ಕೂತು ಹೇಳಬೇಕು; ಸೀನಿದವರು ಎದ್ದು ಹೋಗಬೇಕು. ಚನ್ನಗಿರಿಯಲ್ಲಿ ಅಕ್ಷರಕ್ಕೊಂದು ಹಸಿ ಅಡಿಕೆ ಸುಲಿಯುತ್ತ ಹೇಳಬೇಕು, ಕತ್ತಿಯೂ ಜಾರಬಾರದು, ನಾಲಿಗೆಯೂ ಜಾರಬಾರದು. ಕೊನೆಯ ಪಂದ್ಯ ಜಗಳೂರಿನದು, ಎಲ್ಲಕ್ಕಿಂತ ಕಠಿಣ. ಕುರಿ ಕೂಡುವ ರೊಪ್ಪದ ಇಕ್ಕಟ್ಟು ಬಾಗಿಲಿನಿಂದ ಹಿಂಡು ಹೊರಬೀಳುತ್ತಿರುತ್ತದೆ. ಕುರಿಗೊಂದು ಅಕ್ಷರ. ನಾಲಿಗೆ ಒಂದು ಚಣ ತಡವರಿಸಿದರೆ ಎರಡು ಕುರಿ ಒಟ್ಟಿಗೆ ನುಗ್ಗುತ್ತವೆ, ಆಟ ಮುಗಿಯಿತು. ಬಾಗಿಲಿಗೆ ಬಂದ ಕುರಿ ಹಿಂತಿರುಗಿ ಒಳಗೆ ಹೋದರೆ ಪದವನ್ನು ಮೊದಲಿನಿಂದ ಹೇಳಬೇಕು. ಕುರಿಗೆ ಏನು ಗೊತ್ತು, ಅದು ಹಿಂತಿರುಗುತ್ತದೆ.

ಈ ಪಂದ್ಯದಲ್ಲಿ ಒಬ್ಬ ಕಂಬಳಿ ಹೊದ್ದ ಮುದುಕ, ಕುರಿ ಮೇಯಿಸುತ್ತ ಶಾಲೆಯ ಕಿಟಕಿಯ ಹೊರಗೆ ನಿಂತು ಕಾಗುಣಿತ ಕಲಿತವನು, ಪಂಡಿತರೊಬ್ಬರನ್ನೂ ಟಿವಿಯಲ್ಲಿ ವಾರ್ತೆ ಓದುವ ಹುಡುಗಿಯನ್ನೂ ಕಾನ್ವೆಂಟಿನ ಪ್ರಿನ್ಸಿಪಾಲರನ್ನೂ ಸಾಲಾಗಿ ಮಣ್ಣುಮುಕ್ಕಿಸುತ್ತಾನೆ. ಆ ಮುದುಕನ ಮೂಗು, ಮೀಸೆ, ಕೋಲಿನ ತುದಿಗೆ ಗದ್ದ ಊರಿ ನಿಲ್ಲುವ ಠೀವಿ ಎಲ್ಲ ದುರ್ಗಾಂಬಿಕಾಳ ಅಪ್ಪ ರಂಗಣ್ಣನವು. ರಂಗಣ್ಣ ಶಾಲೆಯ ಕಿಟಕಿಯನ್ನೂ ಇಣುಕಿದವನಲ್ಲ, ಅದಿರಲಿ, ಕತೆಗೆ ಅಷ್ಟು ಬೇಕಾಗುತ್ತದೆ. ಆದರೆ ಕುರಿಗಳು ಮಾತ್ರ ಖರೆ. ಎದುರುಬದುರು ಎರಡು ಪುಟ ತುಂಬಿಕೊಂಡ ಕೊನೆಯ ಚಿತ್ರಕ್ಕಾಗಿ ದುರ್ಗಾಂಬಿಕಾ ಹನ್ನೊಂದು ಸಂಜೆ ಅಪ್ಪನ ರೊಪ್ಪದ ಪಕ್ಕ ಕೂತು, ಕುರಿಗೊಂದು ಚೀಟಿಯಂತೆ ಒಂದೊಂದರ ಮುಖವನ್ನೂ ಬರೆದುಕೊಂಡಿದ್ದಳು. ಒಂದು ಕುರಿ ಬರೆದು ಅದನ್ನೇ ಅರವತ್ತು ಸಲ ಒತ್ತುವ ಚಿತ್ರಗಾರರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಅವಳಿಗೆ ಇದ್ದ ಆಸೆ ಒಂದೇ. ಅಪ್ಪ ಒಂದು ಸಲ, ನಾಲ್ಕು ಜನರ ಎದುರಿಗೆ, ಅವಳ ಚಿತ್ರ ಚೆನ್ನಾಗಿದೆ ಅನ್ನಬೇಕು. ರಂಗಣ್ಣ ಬಾಯಿ ಸಡಿಲ ಬಿಡುವ ಗಂಡಸಲ್ಲ. ಜಿಲ್ಲಾ ಮಟ್ಟದ ಬಹುಮಾನ ತಂದಾಗ ‘ಇರ್ಲಿ ಬಿಡು’ ಅಂದಿದ್ದ. ಮೊದಲ ಸಂಬಳ ತಂದಾಗಲೂ ಅದೇ. ಈ ಪುಸ್ತಕವನ್ನು ಅವಳು ಯಾರಿಗಾಗಿ ಬರೆದಳು ಎಂದು ಕೇಳಿದರೆ ಓದುಗರಿಗಾಗಿ ಎಂದು ಹೇಳುತ್ತಿದ್ದಳು, ಅದು ಅರ್ಧ ನಿಜ. ಬರುವ ಭಾನುವಾರ ಚನ್ನಗಿರಿಯಲ್ಲಿ, ಅಡಿಕೆ ವ್ಯಾಪಾರಿ ಪ್ರವೀಣ್ ಕುಮಾರ್ ಅವರ ಅಂಗಳದಲ್ಲಿ ಬಿಡುಗಡೆ ಇತ್ತು. ಅಪ್ಪ ವೇದಿಕೆಗೆ ಬರಲು ಒಪ್ಪಿ ಹೊಸ ಪಂಚೆಯನ್ನೂ ತೆಗೆದುಕೊಂಡಿದ್ದ.

ಅಷ್ಟರಲ್ಲಿ ಪ್ರಕಾಶಕಿ ಮೇಘಶ್ರೀ ಒಂದು ಕೆಲಸ ಮಾಡಿದಳು. ದಾವಣಗೆರೆಯವಳು, ಚುರುಕಿನ ಹೆಂಗಸು, ಪುಸ್ತಕ ಮಾರುವುದು ಹೇಗೆಂದು ಬಲ್ಲವಳು. ಸೋಮವಾರ ಬೆಳಿಗ್ಗೆ ಆ ಕೊನೆಯ ಚಿತ್ರವನ್ನು ಫೋನುಗಳಿಗೆ ಹರಿಬಿಟ್ಟು ಕೆಳಗೆ ಬರೆದಳು: ‘ಈ ಚಿತ್ರದಲ್ಲಿ ಎಷ್ಟು ಕುರಿಗಳಿವೆ? ಸರಿಯಾಗಿ ಎಣಿಸಿದ ಹತ್ತು ಜನರಿಗೆ ಪುಸ್ತಕ ಉಚಿತ.’ ಸಂಜೆಯೊಳಗೆ ಎರಡು ಸಾವಿರ ಜನ ಎಣಿಸಿಬಿಟ್ಟರು. ಬೀದರಿನವರು ಎಣಿಸಿದರು, ಮಂಗಳೂರಿನವರು ಎಣಿಸಿದರು, ದುಬೈನಲ್ಲಿ ಕೂತ ಯಾರೋ ಪುಣ್ಯಾತ್ಮ ಎರಡೆರಡು ಸಲ ಎಣಿಸಿ ಖಾತ್ರಿ ಮಾಡಿಕೊಂಡ.

ಮಂಗಳವಾರ ರಂಗಣ್ಣ ಬಿಳಿಚೋಡಿನ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದ. ಜಗಳೂರು ಬಸ್ಸಿನ ಕಂಡಕ್ಟರ್ ತಿಮ್ಮೇಶ್ ಇಳಿದು ಬಂದವನೇ ಹೆಗಲ ಮೇಲೆ ಕೈಯಿಟ್ಟು, “ಏನ್ ರಂಗಣ್ಣ, ನಿನ್ನ ಕುರಿ ಅರವತ್ತೊಂದಂತಲ್ಲೋ! ನಾನು ಐವತ್ತರ ಒಳಗೆ ಅನ್ಕಂಡಿದ್ದೆ,” ಅಂದ.

ರಂಗಣ್ಣ ಅರ್ಧ ಕುಡಿದ ಲೋಟವನ್ನು ಅಲ್ಲೇ ಇಟ್ಟು ಎದ್ದ.

ಇಲ್ಲೊಂದು ಮಾತು ಹೇಳಬೇಕು. ರಂಗಣ್ಣನ ಮನೆತನದಲ್ಲಿ ಕುರಿಯನ್ನು ಎಣಿಸುವ ಪದ್ಧತಿ ಇಲ್ಲ. ಎಣಿಸಿದರೆ ಹಿಂಡಿಗೆ ದೃಷ್ಟಿ ತಾಗುತ್ತದೆ, ಒಂದೊಂದಾಗಿ ಕರಗುತ್ತದೆ ಎಂಬುದು ಅವನ ಅಜ್ಜನ ಕಾಲದ ನಂಬಿಕೆ. ಎಷ್ಟು ಕುರಿ ಎಂದು ಕೇಳಿದರೆ ‘ಅದಾವೆ ಒಂದಿಷ್ಟು’ ಎಂದು ಹೇಳಿ ಬೀಡಿ ಹಚ್ಚುತ್ತಾನೆ. ಎಣಿಸದೆ ಗೊತ್ತಾಗುವುದು ಹೇಗೆ? ಸಂಜೆ ರೊಪ್ಪದ ಬಾಗಿಲಲ್ಲಿ ನಿಂತು ಒಳಗೆ ಹೋಗುವ ಒಂದೊಂದು ಮುಖವನ್ನೂ ನೋಡುತ್ತಾನೆ. ಕೊನೆಯದು ಒಳಗೆ ಹೋಗುವಷ್ಟರಲ್ಲಿ ಇಂಥದ್ದು ಬಂದಿಲ್ಲ ಎಂದು ಅವನಿಗೆ ತಿಳಿದಿರುತ್ತದೆ. ದುರ್ಗಾಂಬಿಕಾಗೂ ಇದು ರಕ್ತದಲ್ಲೇ ಬಂದಿತ್ತು; ತಾನು ಬರೆದ ಚೀಟಿಗಳನ್ನು ಅವಳೂ ಎಣಿಸಿರಲಿಲ್ಲ. ಆದರೆ ಎಣಿಸಬಾರದು ಎಂಬುದನ್ನು ಮೇಘಶ್ರೀಗೆ ಹೇಳಬೇಕೆಂದು ಅವಳಿಗೆ ಹೊಳೆದಿರಲಿಲ್ಲ. ಉಸಿರಾಡುವುದನ್ನು ಯಾರಾದರೂ ಇನ್ನೊಬ್ಬರಿಗೆ ಹೇಳಿಕೊಡುತ್ತಾರೆಯೇ?

ರಂಗಣ್ಣ ಮನೆಗೆ ಬಂದಾಗ ಮಗಳು ಜಗಲಿಯಲ್ಲಿ ಕೂತು ಹೊಸ ಪುಸ್ತಕದ ಮೊದಲ ಪ್ರತಿಯನ್ನು ಮೂಸಿ ನೋಡುತ್ತಿದ್ದಳು.

“ನನ್ನ ಕುರಿ ಎಣಸಾಕೆ ಊರಿಗೆಲ್ಲ ಡಂಗುರ ಹೊಡಿಸಿದ್ಯಾ?” ಅಂದ.

ಅವಳಿಗೆ ವಿಷಯ ತಿಳಿಯಲು ಒಂದು ಗಳಿಗೆ ಬೇಕಾಯಿತು. ತಿಳಿದ ಕೂಡಲೇ ಅಪ್ಪನ ಎದುರಿಗೇ ಮೇಘಶ್ರೀಗೆ ಫೋನು ಮಾಡಿ, ಮೊದಲು ಅದನ್ನು ಅಳಿಸು ಎಂದು ಗದರಿದಳು. ಮೇಘಶ್ರೀ ಪಾಪ, ಏನು ಎತ್ತ ಎಂದು ಕೇಳದೆ ಅಳಿಸಿದಳು.

“ಅಳಿಸಿದ್ರೆ ಎಣಿಸಿದ್ದು ವಾಪಸ್ ಬರತೈತೇನು?” ರಂಗಣ್ಣ ಕೇಳಿದ. “ಆ ಹಾಳೆ ತೆಗಿ. ಎಲ್ಲಾ ಪುಸ್ತಕದಾಗಿಂದ ತೆಗಿ. ಇಲ್ಲಾಂದ್ರೆ ಚನ್ನಗಿರಿಗೆ ನೀನೊಬ್ಬಳೇ ಹೋಗು. ನಾನೂ ಬರಲ್ಲ, ಇನ್ನ ಮ್ಯಾಲೆ ನಿನ್ನ ಚಿತ್ರ ನನ್ನ ಮುಂದೆ ತರಲೂ ಬ್ಯಾಡ.”

ಬುಧವಾರ ಒಂದು ಮರಿಗೆ ಭೇದಿ ಶುರುವಾಯಿತು. ಅಜ್ಜಮ್ಮ, “ಒಣಗಾಕೆ ಹಾಕಿದ್ದ ಮೆಕ್ಕೆಜೋಳ ಮುಕ್ಕೈತೆ, ನಾನೇ ಕಣ್ಣಾರೆ ಕಂಡೆ,” ಎಂದು ಸಾರಿ ಹೇಳಿದರೂ ರಂಗಣ್ಣ ಕೇಳಲಿಲ್ಲ. ದುಬೈವರೆಗೂ ಕಣ್ಣು ಬಿದ್ದ ಮರಿ ಮತ್ತೇನಾಗುತ್ತದೆ ಎಂದು ಮಗಳಿಗೆ ಕೇಳಿಸುವಂತೆ ಹೇಳಿದ. ಗುರುವಾರ ಮಧ್ಯಾಹ್ನದ ಹೊತ್ತಿಗೆ ಮರಿ ಎದ್ದು ಕುಣಿಯುತ್ತಿತ್ತು, ರಂಗಣ್ಣನ ಮುಖ ಮಾತ್ರ ಹಾಗೇ ಗಂಟಿಕ್ಕಿಕೊಂಡಿತ್ತು.

ಐನೂರು ಪುಸ್ತಕ ಆಗಲೇ ಹೊಲಿದು ಕಟ್ಟಾಗಿ ಚನ್ನಗಿರಿಯ ಅಂಗಳ ಸೇರಿದ್ದವು. ಹಾಳೆ ಹರಿದರೆ ಮುದುಕ ಗೆಲ್ಲುವುದೇ ಇಲ್ಲ, ಪ್ರಿನ್ಸಿಪಾಲರು ಗೆಲ್ಲುತ್ತಾರೆ. ದುರ್ಗಾಂಬಿಕಾ ಎರಡು ದಿನ ಯೋಚಿಸಿದಳು. ಅಳುವುದು ಅವಳ ಜಾಯಮಾನವಲ್ಲ. ತನ್ನ ಚಿತ್ರ ಅಷ್ಟು ಸೊಗಸಾಗಿರುವಾಗ ಅದರ ಪರವಾಗಿ ತಾನು ಬೇಡಿಕೊಳ್ಳುವುದೇಕೆ, ಚಿತ್ರವೇ ಮಾತಾಡಲಿ ಅನ್ನಿಸಿತು. ಗುರುವಾರ ಸಂಜೆ, ಹಿಂಡು ರೊಪ್ಪ ಸೇರುವ ಹೊತ್ತಿಗೆ, ಪುಸ್ತಕ ಹಿಡಿದುಕೊಂಡು ಬಾಗಿಲ ಬಳಿ ಹೋದಳು. ಕೊನೆಯ ಕುರಿ ಒಳಗೆ ಹೋಗಿ ಅಪ್ಪ ಮುಳ್ಳಿನ ತಡಿಕೆ ಎಳೆಯುವವರೆಗೆ ಕಾದಳು.

“ಅಪ್ಪಾ, ನೀನು ಹರಿ ಅಂದ್ರೆ ಹರಿತೀನಿ. ಐನೂರೂ ಹರಿತೀನಿ, ನನ್ನ ಕೈಯಾರೆ. ಆದ್ರೆ ಒಂದ್ಸಲ ನೋಡಿ ಹೇಳು. ನೋಡದೇ ಹರಿ ಅಂದ್ರೆ ಹರಿಯಲ್ಲ.”

“ನೋಡೋದೇನೈತೆ?”

“ನಿನ್ನ ಹಿಂಡು ಹೌದೋ ಅಲ್ಲೋ ಅಂತ ನೋಡು.”

ಅವನಿಗೆ ಅದು ಚುಚ್ಚಿತು. ಹಿಂಡಿನ ಮಾತು ಬಂದರೆ ಸುಮ್ಮನಿರುವುದು ಅವನಿಂದಾಗದು. ಪುಸ್ತಕ ಕಸಿದುಕೊಂಡು ಕಲ್ಲಿನ ಮೇಲೆ ಕೂತ. ಬಿಸಿಲು ಇನ್ನೂ ಇತ್ತು. ಎರಡು ಪುಟಗಳನ್ನೂ ಮೊಣಕಾಲ ಮೇಲೆ ಹರಡಿಕೊಂಡು ಬಾಗಿಲ ಕಡೆಯಿಂದ ನೋಡುತ್ತ ಬಂದ. ಬೆರಳಿಡಲಿಲ್ಲ, ತುಟಿ ಅಲುಗಿಸಲಿಲ್ಲ. ಬರಿಯ ಕಣ್ಣು ಒಂದರಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ದುರ್ಗಾಂಬಿಕಾ ಅವನ ಮುಖವನ್ನೇ ನೋಡುತ್ತಿದ್ದಳು. ಮೀಸೆಯ ಕೆಳಗೆ ಏನೋ ಸಡಿಲಾಯಿತು. ಒಂದು ಕಡೆ “ಹ್ಞೂಂ” ಅಂದ. ಇನ್ನೊಂದು ಕಡೆ, ಕಂಬಕ್ಕೆ ಕುತ್ತಿಗೆ ಉಜ್ಜುವ ಟಗರಿನ ಹತ್ತಿರ, “ಕಳ್ಳನನ್ಮಗನೇ” ಅಂದು ಮೂಗಿನಲ್ಲಿ ನಕ್ಕ. ಗೆದ್ದೆ ಎಂದುಕೊಂಡಳು ದುರ್ಗಾಂಬಿಕಾ. 

ರಂಗಣ್ಣ ತಲೆ ಎತ್ತಿದ.

“ಮಚ್ಚೆಕಿವಿ ಎಲ್ಲಿ?”

“ಐತಲ್ಲಪ್ಪಾ ಅಲ್ಲೇ.”

“ಇಲ್ಲ.”

ಮಚ್ಚೆಕಿವಿ ಎಂಬುದು ಎಡಗಿವಿಯಲ್ಲಿ ಕಪ್ಪು ಚುಕ್ಕೆ ಇದ್ದ ಹಳೆಯ ಕುರಿ. ದಿನವೂ ಎಲ್ಲರಿಗಿಂತ ಹಿಂದೆ ಉಳಿಯುವ ಸೋಮಾರಿ. ದುರ್ಗಾಂಬಿಕಾ ಪುಸ್ತಕ ಎಳೆದುಕೊಂಡು ಹುಡುಕಿದಳು. ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ. ಆಮೇಲೆ ಎಲ್ಲ ನೆನಪಾಯಿತು. ಮುದುಕ ಕೊನೆಯ ಪದ ಹೇಳುವಾಗ ಅವನ ಮಾತು ಬರೆಯುವ ಬಿಳಿ ಗುಳ್ಳೆ ಚಿಕ್ಕದಾಗಿತ್ತು. ಅಕ್ಷರಗಳು ಹಿಡಿಸಲಿಲ್ಲವೆಂದು ಬಿಳಿ ಬಣ್ಣ ಹಚ್ಚಿ ಅದನ್ನು ದೊಡ್ಡದು ಮಾಡಿದ್ದಳು. ಹಿಂದೆ ನಿಂತಿದ್ದ ಮಚ್ಚೆಕಿವಿ ಆ ಬಿಳುಪಿನ ಅಡಿಗೆ ಹೋಗಿತ್ತು. ಆಮೇಲೆ ಪಕ್ಕಕ್ಕೆ ಸರಿಸಿ ಬರೆದರಾಯಿತು ಎಂದುಕೊಂಡವಳು ಮರೆತೇಬಿಟ್ಟಿದ್ದಳು. ಹನ್ನೊಂದು ಸಂಜೆ ಕೂತು ಬರೆದವಳು, ಕಂಡಕಂಡ ಚಿತ್ರಗಾರರನ್ನು ಆಡಿಕೊಂಡವಳು, ಮನೆಯ ಕುರಿಯನ್ನೇ ಕಳೆದುಕೊಂಡಿದ್ದಳು. ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

“ತಪ್ಪಾತು ಅಪ್ಪಾ,” ಅಂದಳು. “ನನ್ನದೇ ತಪ್ಪು. ಹರಿತೀನಿ ಬಿಡು. ಹಿಂಗೆ ಬರೆದಿದ್ದನ್ನ ನಾನೇ ಇಟ್ಕಳಲ್ಲ.”

ರಂಗಣ್ಣ ಬೀಡಿ ತೆಗೆದ, ಹಚ್ಚದೆ ಬೆರಳಲ್ಲಿ ಹಿಡಿದುಕೊಂಡ. ಏನನ್ನೋ ನಿಧಾನವಾಗಿ ಜೋಡಿಸುತ್ತಿರುವಂತೆ ಹುಬ್ಬುಗಳು ಕುಣಿಯುತ್ತಿದ್ದವು.

“ತಡಿ ತಡಿ. ಆ ದುಬೈಯೋನು ಎಣಿಸಿದ್ದು ಇದನ್ನೇ ಹೌದಲ್ಲ?”

“ಹೂಂ.”

“ತಿಮ್ಮೇಶ್ ಹೇಳಿದ್ದೂ ಇದನ್ನೇ ನೋಡಿ?”

“ಇದನ್ನೇ.”

“ಮಚ್ಚೆಕಿವಿನ ಯಾರೂ ಕಂಡಿಲ್ಲ.”

“ಹೆಂಗೆ ಕಾಣತಾರೆ, ನಾನೇ ಮುಚ್ಚೀನಿ.”

ರಂಗಣ್ಣ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ನಗಲು ಶುರು ಮಾಡಿದ. ಮೊದಲು ಹೊಟ್ಟೆಯಲ್ಲಿ, ಆಮೇಲೆ ಭುಜದಲ್ಲಿ, ಕೊನೆಗೆ ಬಾಯಿಬಿಟ್ಟು. ಒಳಗಿದ್ದ ಕುರಿಗಳು ಬೆಚ್ಚಿ ಒಂದರ ಮೇಲೊಂದು ಬಿದ್ದವು. ಅಜ್ಜಮ್ಮ ಒಲೆಯ ಮುಂದಿನಿಂದ ಎದ್ದುಬಂದು ಏನಾಯಿತೆಂದು ಕೇಳಿದಳು.

“ನಮ್ಮಪ್ಪ ಏನು ಮಾಡ್ತಿದ್ದ ಗೊತ್ತೇನು?” ಕಣ್ಣೊರೆಸಿಕೊಳ್ಳುತ್ತ ರಂಗಣ್ಣ ಹೇಳಿದ. “ಲಸಿಕೆ ಹಾಕೋರು ಬಂದು ಎಣಸಾಕೆ ನಿಂತ್ರೆ ಒಂದು ಕುರಿನ ಮೊದ್ಲೇ ಬೇಲಿ ಆಚೆ ಕಟ್ಟಿ ಬರ್ತಿದ್ದ. ಅವರು ಬರ್ಕಂಡು ಹೋಗೋರು. ಬರ್ಕಂಡಿದ್ದು ನಮ್ಮ ಹಿಂಡೇ ಅಲ್ಲ! ಲಸಿಕೆ ಆ ಒಂದಕ್ಕೆ ಮಾರನೇ ದಿನ ಆಸ್ಪತ್ರೆಗೆ ಹೊತ್ಕಂಡು ಹೋಗಿ ಹಾಕಿಸ್ತಿದ್ದ. ನೀನು ಗುಳ್ಳ್ಯಾಗೆ ಕಟ್ಟೀಯ, ಅಷ್ಟೇ. ಅವರು ಎಣಿಸಿದ್ದು ಯಾರ ಹಿಂಡೋ ಏನೋ. ನಮ್ಮದನ್ನ ಯಾರೂ ಎಣಿಸಿಲ್ಲ ಬಿಡು.”

“ಹಂಗಾದ್ರೆ ಹಾಳೆ ಇರ್ಲಾ?”

“ಇರ್ಲಿ. ಆದ್ರೆ ಒಂದು ಮಾತು. ಮಚ್ಚೆಕಿವಿ ಅಲ್ಲೇ ಇರಬೇಕು, ಮುಂದಕ್ಕೂ ಹೊರಗೆ ತರಂಗಿಲ್ಲ. ಯಾರಿಗೂ ಹೇಳಂಗಿಲ್ಲ, ಆ ದಾವಣಗೆರೆ ಅಮ್ಮಗೂ ಹೇಳಂಗಿಲ್ಲ.”

ಅಪ್ಪನಿಗೆ ಅದು ಸುಲಭದ ಮಾತು. ಮಗಳಿಗೆ ಹಾಗಿರಲಿಲ್ಲ. ಅವಳ ಜೀವಮಾನದ ಅತ್ಯುತ್ತಮ ಚಿತ್ರ ಒಂದು ತಪ್ಪನ್ನು ಹೊಟ್ಟೆಯಲ್ಲಿಟ್ಟುಕೊಂಡು ಎಂದೆಂದಿಗೂ ಹಾಗೇ ಇರಬೇಕು. ಎರಡನೇ ಮುದ್ರಣ ಬಂದರೂ ತಿದ್ದುವಂತಿಲ್ಲ. ತಪ್ಪಾಯಿತೆಂದು ಯಾರೆದುರೂ ಒಪ್ಪಿಕೊಳ್ಳುವಂತೆಯೂ ಇಲ್ಲ. ಬೇಲಿಯ ಮೇಲಿಂದ ಒಳಗೆ ಇಣುಕಿದಳು. ರೊಪ್ಪದೊಳಗೆ ಮಚ್ಚೆಕಿವಿ ಎಲ್ಲರ ಹಿಂದೆ ಬೇಲಿಗೆ ಒರಗಿ ಮೆಲುಕು ಹಾಕುತ್ತಿತ್ತು.

“ಆತು,” ಅಂದಳು.

ಭಾನುವಾರ ಚನ್ನಗಿರಿಯ ಅಂಗಳ ತುಂಬಿಹೋಗಿತ್ತು. ಭಾಷಣಕ್ಕೆ ಜನ ಸೇರುವುದಿಲ್ಲ ಎಂದು ಬಲ್ಲ ಪ್ರವೀಣ್ ಕುಮಾರ್ ಪುಸ್ತಕದ ಪಂದ್ಯವನ್ನೇ ನಿಜವಾಗಿ ಇಟ್ಟಿದ್ದರು. ಅಕ್ಷರಕ್ಕೊಂದು ಅಡಿಕೆ. ಮೆಟ್ಟುಗತ್ತಿಗಳ ಮುಂದೆ ಒಂಬತ್ತು ಜನ ಕೂತರು. ಒಬ್ಬ ಮೇಷ್ಟ್ರು ಎರಡನೇ ಅಕ್ಷರಕ್ಕೇ ಬೆರಳು ಕೊಯ್ದುಕೊಂಡು ಎದ್ದರು. ಕಾಲೇಜಿನ ಉಪನ್ಯಾಸಕರೊಬ್ಬರು ಅಕ್ಷರಗಳನ್ನು ಗಂಭೀರವಾಗಿ ಪೂರಾ ಹೇಳಿದರು, ಅಡಿಕೆ ಮಾತ್ರ ಒಂದೂ ಸುಲಿದಿರಲಿಲ್ಲ. ಗೆದ್ದವಳು ಕತ್ತಲಗೆರೆಯ ಚೌಡಕ್ಕ. ಮೂವತ್ತು ವರ್ಷದಿಂದ ಅಡಿಕೆ ಸುಲಿಯುವವಳು, ಏಳನೇ ಇಯತ್ತೆ ಮುಗಿಸಿದವಳು. ‘ವಿಶ್ವವಿದ್ಯಾನಿಲಯ’ವನ್ನು ಕತ್ತಿಯ ತಾಳಕ್ಕೆ ಸರಿಯಾಗಿ ಬಿಡಿಸಿ, ಅಭ್ಯಾಸ ತಪ್ಪದೆ ಇನ್ನೂ ನಾಲ್ಕು ಅಡಿಕೆ ಹೆಚ್ಚಿಗೆ ಸುಲಿದು ಕೈ ಝಾಡಿಸಿದಳು. ಅಂಗಳಕ್ಕೆ ಅಂಗಳವೇ ಶಿಳ್ಳೆ ಹೊಡೆಯಿತು.

ಬಹುಮಾನ ಕೊಡಲು ಕರೆದದ್ದು ರಂಗಣ್ಣನನ್ನು. ಹೊಸ ಪಂಚೆಯುಟ್ಟು, ಹೆಗಲಿಗೆ ಕಂಬಳಿ ಹಾಕಿಕೊಂಡು ಅವನು ವೇದಿಕೆ ಹತ್ತಿದಾಗ, ಪುಸ್ತಕ ನೋಡಿದ್ದವರೆಲ್ಲ “ಅಜ್ಜ ಬಂದ, ಅಜ್ಜ ಬಂದ” ಎಂದು ಕೂಗಿದರು. ಚೌಡಕ್ಕ ಪುಸ್ತಕ ಈಸಿಕೊಂಡು ಅಲ್ಲೇ ತೆರೆದಳು. ಹಿಂದಿನಿಂದ ತೆರೆಯುವ ಅಭ್ಯಾಸವೋ ಏನೋ, ಸಿಕ್ಕಿದ್ದು ಆ ಎರಡು ಪುಟಗಳೇ. ಅಷ್ಟಗಲ ಕಣ್ಣುಬಿಟ್ಟು ನೋಡಿದಳು. ಸಭೆ ಗಿಭೆ ಎಂಬ ಹಿಂಜರಿಕೆ ಆಕೆಗಿರಲಿಲ್ಲ, ಪಕ್ಕದಲ್ಲಿದ್ದ ಮೈಕು ಎಳೆದುಕೊಂಡಳು.

“ಯಜಮಾನ್ರೇ, ನಾವು ಅಡಿಕೆ ಮಂದಿ, ಕುರಿ ನಮಗೆ ಗೊತ್ತಾಗಲ್ಲ. ನೀವು ದಿನಾ ನೋಡೋರು. ಖರೆ ಹೇಳ್ರಿ, ನಿಮ್ಮ ಮಗಳು ಬರೆದಿದ್ದರಾಗೆ ಎಲ್ಲಾದ್ರೂ ಏನಾದ್ರೂ ತಪ್ಪೈತೇನು?”

ದುರ್ಗಾಂಬಿಕಾ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಳು. ಐನೂರು ಪುಸ್ತಕದ ಆ ತಪ್ಪು ಇಡೀ ಅಂಗಳದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಅಪ್ಪ ಸುಳ್ಳು ಹೇಳುವವನಲ್ಲ. ಹೆಚ್ಚೆಂದರೆ ‘ಇರ್ಲಿ ಬಿಡು’ ಎಂದು ಮೈಕು ವಾಪಸು ಕೊಡುತ್ತಾನೆ ಅಂದುಕೊಂಡಳು.

ರಂಗಣ್ಣ ಮೈಕನ್ನು ಎರಡೂ ಕೈಯಲ್ಲಿ ಹಿಡಿದ. ಜನರನ್ನು ನೋಡಲಿಲ್ಲ, ಮಗಳ ಕಡೆ ತಿರುಗಿದ.

“ಒಂದೂ ತಪ್ಪಿಲ್ಲವ್ವಾ,” ಅಂದ. “ಸಂಜೆ ರೊಪ್ಪದ ಬಾಗಿಲಾಗೆ ನಾನು ನಿಂತು ನೋಡೋದೂ ಒಂದೇ, ಅವಳು ಬರೆಯೋದೂ ಒಂದೇ. ನಾಳೆ ನನ್ನ ಕಣ್ಣು ಮಂಜಾದ್ರೆ ಅವಳನ್ನೇ ಬಾಗಿಲಿಗೆ ನಿಲ್ಲಿಸ್ತೀನಿ.”

ಚಪ್ಪಾಳೆ ಬಿತ್ತು. ಮೇಘಶ್ರೀ ಫೋಟೋ ಹೊಡೆದುಕೊಂಡಳು.  ದುರ್ಗಾಂಬಿಕಾ ಇಷ್ಟು ವರ್ಷ ಕಾದ ಮಾತು ಕೊನೆಗೂ ಬಂದಿತ್ತು, ಸುಳ್ಳಿನೊಡನೆ ಬೆರೆತು ಬಂದಿತ್ತು. ಎಷ್ಟು ಸುಳ್ಳು ಎಷ್ಟು ನಿಜ ಎಂದು ಅವಳು ಬಿಡಿಸಿ ನೋಡಲು ಹೋಗಲಿಲ್ಲ. ಎದ್ದು ಹೋಗಿ ಅಪ್ಪನ ಪಕ್ಕದಲ್ಲಿ ನಿಂತಳು.